ಅಧಿಕಾರದ ಎದುರು ಒಂದು ಟೇಪ್‌ರೆಕಾರ್ಡರ್

(ಪತ್ರಿಕೋದ್ಯಮ ವಿದ್ಯಾರ್ಥಿಗಳಿಗಾಗಿ ನಡೆದ ಕಮ್ಮಟದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಉಪನ್ಯಾಸದ ಬರಹರೂಪ)



ಈ ಹೊತ್ತು ಇಲ್ಲಿ ಹಿರಿಯ ಸಂಪಾದಕರೊಬ್ಬರು ಮಾತನಾಡಬೇಕಿತ್ತು. ಅವರಿಗೆ ಬೇರೆ ಕೆಲಸ ಬಿದ್ದದ್ದರಿಂದ ನನ್ನನ್ನು ಕಳಿಸಿದ್ದಾರೆ. ನಿಮಗೂ ನನಗೂ ವಯಸ್ಸಿನಲ್ಲಿ ನಾಲ್ಕೈದು ವರ್ಷಗಳ ಅಂತರ ಇದ್ದೀತು, ಅಷ್ಟೇ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ನನಗೆ ಉಪದೇಶ ಮಾಡುವ ಯೋಗ್ಯತೆ ಇನ್ನೂ ಬಂದಿಲ್ಲ. ಆದ್ದರಿಂದ ಮೊದಲು ನನ್ನದೇ ಒಂದು ಸೋಲಿನ ಕಥೆ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ವಿದೇಶ ಪ್ರವಾಸ ಮುಗಿಸಿಕೊಂಡು ಬಂದಿದ್ದ ಗಣ್ಯರೊಬ್ಬರು ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಿದ್ದರು. ನನಗೆ ಹದಿನೈದು ನಿಮಿಷ ಸಿಕ್ಕಿತ್ತು. ನೋಟ್‌ಬುಕ್‌ನಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊದಲನೆಯದು, ಅವರು ಮಾತುಕತೆ ನಡೆಸಿ ಬಂದಿದ್ದ ವ್ಯಾಪಾರ ಒಪ್ಪಂದದಿಂದ ನಮ್ಮ ಕಡೆಯ ಕಾಳುಮೆಣಸಿನ ಬೆಲೆ ಏನಾಗುತ್ತದೆ ಎಂಬುದು. ಒಳಗೆ ಕಾಲಿಟ್ಟ ಕೂಡಲೇ ಅವರು, 'ಬಾರಮ್ಮ, ಕೂತ್ಕೋ. ಮೊದಲು ಕಾಫಿ ಕುಡಿ. ನಿನ್ನ ವಯಸ್ಸಿನ ಮಗಳಿದ್ದಾಳೆ ನನಗೆ' ಎಂದರು. ಅಲ್ಲಿಗೆ ನನ್ನ ಮೂರೂ ಪ್ರಶ್ನೆಗಳು ಗಂಟಲಲ್ಲೇ ಉಳಿದವು. 'ಪ್ರವಾಸ ಹೇಗಿತ್ತು ಸಾರ್?' ಎಂದು ಕೇಳಿದೆ. ಉಳಿದ ಹದಿನಾಲ್ಕು ನಿಮಿಷ ಅವರು ಆ ದೇಶದ ರಸ್ತೆಗಳ ಸ್ವಚ್ಛತೆಯನ್ನು ಬಣ್ಣಿಸಿದರು. ಫೋಟೊ ಸಹಿತ ಎರಡು ಕಾಲಂ ಅಚ್ಚಾಯಿತು. ಮಾರನೇ ದಿನ ಬೆಳಿಗ್ಗೆ ಬೆಳೆಗಾರರೊಬ್ಬರು ಕಚೇರಿಗೆ ಫೋನ್ ಮಾಡಿ, 'ಮೆಣಸಿನ ವಿಷಯ ಕೇಳ್ಲಿಲ್ವೇನಮ್ಮ?' ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ವಾರ ನಾನು ಒರಿಯಾನಾ ಫಲ್ಲಾಚಿಯನ್ನು ಓದಲು ಕುಳಿತೆ.

ಫಲ್ಲಾಚಿ ಹುಟ್ಟಿದ್ದು 1929ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ಫ್ಯಾಸಿಸಂ ವಿರೋಧಿ. ನಾಜಿಗಳು ಊರನ್ನು ಆಕ್ರಮಿಸಿದ್ದಾಗ ಹದಿಹರೆಯದ ಈ ಹುಡುಗಿ ಪ್ರತಿರೋಧ ಪಡೆಯವರಿಗೆ ಗುಟ್ಟಾಗಿ ಸಂದೇಶ ಮುಟ್ಟಿಸುತ್ತಿದ್ದಳು. ತಂದೆ ಸೆರೆಸಿಕ್ಕಿ ಚಿತ್ರಹಿಂಸೆ ಅನುಭವಿಸಿದ್ದನ್ನು ಕಂಡವಳು. ಮುಂದೆ ಪತ್ರಕರ್ತೆಯಾಗಿ ವಿಯೆಟ್ನಾಂ ಯುದ್ಧ ವರದಿ ಮಾಡಿದರು. 1968ರ ಅಕ್ಟೋಬರ್ 2ರಂದು ಮೆಕ್ಸಿಕೊ ನಗರದಲ್ಲಿ ವಿದ್ಯಾರ್ಥಿಗಳ ಮೇಲೆ ಗೋಲಿಬಾರ್ ನಡೆದಾಗ ಆಕೆಗೂ ಗುಂಡುಗಳು ತಗುಲಿದವು. ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಅಧಿಕಾರದಲ್ಲಿರುವವರ ಎದುರು ಕುಳಿತಾಗ ಆಕೆಗೆ ಭಯವಾಗಲಿ ಬೆರಗಾಗಲಿ ಹುಟ್ಟುತ್ತಿರಲಿಲ್ಲ. ಅಧಿಕಾರ ಎಂದರೇನು ಎಂಬುದನ್ನು ಆಕೆ ಕೆಳಗಿನಿಂದ ನೋಡಿದ್ದರು.

ಆಕೆಯ ಸಂದರ್ಶನಗಳ ಸಂಕಲನ 'ಇಂಟರ್‌ವ್ಯೂ ವಿತ್ ಹಿಸ್ಟರಿ' ಇಟಾಲಿಯನ್ ಭಾಷೆಯಲ್ಲಿ 1974ರಲ್ಲಿ ಬಂತು. ಅದರಲ್ಲಿ ನಮಗೆ ತೀರ ಹತ್ತಿರವಾದ ಎರಡು ಸಂದರ್ಶನಗಳಿವೆ. ಒಂದು ಇಂದಿರಾ ಗಾಂಧಿಯವರದು, ಇನ್ನೊಂದು ಪಾಕಿಸ್ತಾನದ ಜುಲ್ಫಿಕರ್ ಅಲಿ ಭುಟ್ಟೊ ಅವರದು. ಎರಡೂ ನಡೆದದ್ದು 1972ರಲ್ಲಿ, ಬಾಂಗ್ಲಾ ಯುದ್ಧ ಮುಗಿದು ಕೆಲವೇ ತಿಂಗಳುಗಳಾಗಿದ್ದಾಗ.

ಇಂದಿರಾ ಆಗ ಜನಪ್ರಿಯತೆಯ ಶಿಖರದಲ್ಲಿದ್ದರು. ಯುದ್ಧ ಆರಂಭಿಸಿದ್ದು ಪಾಕಿಸ್ತಾನ ಎಂಬುದು ನಮ್ಮ ಅಧಿಕೃತ ನಿಲುವು. 1971ರ ಡಿಸೆಂಬರ್ 3ರ ಸಂಜೆ ನಮ್ಮ ವಿಮಾನ ನೆಲೆಗಳ ಮೇಲೆ ಬಾಂಬು ಬಿದ್ದದ್ದು ನಿಜವೇ. ಫಲ್ಲಾಚಿ ಅಷ್ಟಕ್ಕೆ ಬಿಡಲಿಲ್ಲ. ಯುದ್ಧ ಶುರುವಾದದ್ದು ಯಾರಿಂದ ಎಂದು ಪಟ್ಟುಹಿಡಿದು ಕೇಳಿದರು. ತೀರ ಹಿಂದಕ್ಕೆ ಹೋಗಿ ನೋಡುವುದಾದರೆ ಮುಕ್ತಿವಾಹಿನಿಗೆ ನಾವು ಸಹಾಯ ಮಾಡಿದ್ದೆವು, ಅಲ್ಲಿಂದಲೇ ಎಣಿಸುವಿರಾದರೆ ಆರಂಭಿಸಿದವರು ನಾವು ಎನ್ನಬಹುದು ಎಂಬ ಅರ್ಥದ ಮಾತು ಇಂದಿರಾ ಬಾಯಿಂದ ಬಂತು. ಗೆದ್ದ ದೇಶದ ಪ್ರಧಾನಿ ವಿದೇಶಿ ಪತ್ರಕರ್ತೆಯ ಮುಂದೆ ಇಷ್ಟು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಮುಕ್ತಿವಾಹಿನಿಗೆ ನೆರವಾದದ್ದು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ನನ್ನ ಮಟ್ಟಿಗೆ ಸರಿ. ಇಲ್ಲಿ ನೋಡಬೇಕಾದದ್ದು ಪ್ರಶ್ನೆಯನ್ನು. ಅದರಲ್ಲಿ ಆರೋಪವಿಲ್ಲ, ವಿಶೇಷಣವಿಲ್ಲ. ಯಾರು ಶುರು ಮಾಡಿದರು? ಅಷ್ಟೇ.

ಈ ಸಂದರ್ಶನವನ್ನು ಓದಿದ ಭುಟ್ಟೊ ಫಲ್ಲಾಚಿಯನ್ನು ತಮ್ಮಲ್ಲಿಗೂ ಕರೆಸಿಕೊಂಡರು. ನಮ್ಮ ಕಡೆಯ ಮಾತನ್ನೂ ಜಗತ್ತು ಕೇಳಲಿ ಎಂಬ ಆಸೆ ಇದ್ದಿರಬೇಕು. ಸೋತ ದೇಶವೊಂದರ ಹೊಸ ಅಧ್ಯಕ್ಷ. ಸುಮಾರು 93,000 ಪಾಕಿಸ್ತಾನೀಯರು ಭಾರತದ ವಶದಲ್ಲಿದ್ದಾರೆ. ಢಾಕಾದ ಹತ್ಯಾಕಾಂಡದ ಬಗ್ಗೆ ಆಕೆ ಕೆದಕಿ ಕೆದಕಿ ಕೇಳಿದರು. 1971ರ ಮಾರ್ಚ್ 25ರ ಆ ರಾತ್ರಿ ಭುಟ್ಟೊ ಢಾಕಾದ ಹೋಟೆಲಿನಲ್ಲೇ ಇದ್ದವರು. ಸತ್ತವರ ಸಂಖ್ಯೆಯನ್ನು ಅವರು ಬಹಳ ಇಳಿಸಿ ಹೇಳಿದರು. ಆದರೆ ಅವರನ್ನು ಸಿಕ್ಕಿಸಿದ್ದು ಢಾಕಾದ ಪ್ರಶ್ನೆಯಲ್ಲ. ಇಂದಿರಾ ಗಾಂಧಿಯವರ ವಿಷಯ ಬಂದಾಗ ಭುಟ್ಟೊ ನಾಲಿಗೆ ಸಡಿಲಬಿಟ್ಟರು. ಆಕೆಯದು ಸಾಧಾರಣ ಬುದ್ಧಿ, ತಂದೆಯ ಹೆಸರಿಲ್ಲದಿದ್ದರೆ ಆಕೆ ಏನೂ ಅಲ್ಲ ಎಂಬ ಧಾಟಿಯಲ್ಲಿ ಹೀಗಳೆದರು.

ಅದು ಅಚ್ಚಾದದ್ದು ಎಂಥ ಹೊತ್ತಿನಲ್ಲಿ ಎಂದರೆ, ಇಬ್ಬರೂ ನಾಯಕರು ಶಾಂತಿ ಮಾತುಕತೆಗೆ ಕೂರುವ ಸಿದ್ಧತೆ ನಡೆದಿತ್ತು. ಮುಂದಿನದನ್ನು ಫಲ್ಲಾಚಿಯೇ ಬರೆದಿದ್ದಾರೆ. ಇಂದಿರಾ ಸಿಟ್ಟಾದರು, ಭೇಟಿಯೇ ನಿಂತುಹೋಗುವ ಸೂಚನೆ ಕಂಡಿತು. ಭುಟ್ಟೊ ತಮ್ಮ ರಾಯಭಾರಿಯ ಮೂಲಕ ಫಲ್ಲಾಚಿಗೆ ಒಂದು ಕೋರಿಕೆ ಕಳಿಸಿದರು. ಆ ಸಂದರ್ಶನ ನಡೆಯಲೇ ಇಲ್ಲ, ತಾನೇ ಕಲ್ಪಿಸಿಕೊಂಡು ಬರೆದೆ ಎಂದು ಇನ್ನೊಂದು ಲೇಖನ ಬರೆದುಬಿಡಬೇಕಂತೆ! ಅರವತ್ತು ಕೋಟಿ ಜನರ ಬದುಕು ನಿಮ್ಮ ಕೈಯಲ್ಲಿದೆ ಎಂದು ಅಂಗಲಾಚಿದರಂತೆ. ಆಕೆ ಒಪ್ಪಲಿಲ್ಲ. ಕೊನೆಗೆ ಇಂದಿರಾ ಮತ್ತು ಭುಟ್ಟೊ ಶಿಮ್ಲಾದಲ್ಲಿ ಕೂತರು. 1972ರ ಜುಲೈ 2ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಓದುವಾಗ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಅವತ್ತು ನಿಜಕ್ಕೂ ಮಾತುಕತೆ ಮುರಿದುಬಿದ್ದಿದ್ದರೆ? ಸೆರೆಯಲ್ಲಿದ್ದ ಸಾವಿರಾರು ಸೈನಿಕರು ಮನೆ ಸೇರುವುದು ಮತ್ತಷ್ಟು ತಡವಾಗಿದ್ದರೆ? ಪತ್ರಕರ್ತೆ ತನ್ನ ಟೇಪಿಗೆ ನಿಷ್ಠಳಾಗಿರಬೇಕೋ ಶಾಂತಿಗೋ? ನಾನು ಆಕೆಯ ಜಾಗದಲ್ಲಿದ್ದರೆ ರಾಯಭಾರಿಯ ಫೋನಿಗೇ ಕರಗಿಬಿಡುತ್ತಿದ್ದೆನೇನೋ. ಆದರೂ ಆಕೆ ಮಾಡಿದ್ದೇ ಸರಿ ಅನ್ನಿಸುತ್ತದೆ. ನಡೆದದ್ದನ್ನು ನಡೆದಿಲ್ಲ ಎಂದು ಒಮ್ಮೆ ಬರೆದವರ ಮುಂದಿನ ಬರಹವನ್ನು ಯಾರು ನಂಬುತ್ತಾರೆ? ಅಲ್ಲದೆ, ಮಾತು ಆಡಿದವರು ಭುಟ್ಟೊ. ಅದನ್ನು ನುಂಗಿಕೊಳ್ಳುವ ಹೊಣೆ ಬರೆದುಕೊಂಡವಳದಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಆಕೆ ವಾಷಿಂಗ್ಟನ್‌ಗೆ ಹೋದರು. ಹೆನ್ರಿ ಕಿಸಿಂಜರ್ ಆಗ ಅಧ್ಯಕ್ಷ ನಿಕ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ. ವಿಯೆಟ್ನಾಂನಲ್ಲಿ ಶಾಂತಿ ಕೈಗೆಟುಕುವಷ್ಟು ಹತ್ತಿರವಿದೆ ಎಂದು ಕೆಲವೇ ದಿನಗಳ ಹಿಂದೆ, ಅಕ್ಟೋಬರ್ 26ರಂದು, ಘೋಷಿಸಿದ್ದರು. ಉತ್ತರ ವಿಯೆಟ್ನಾಂನ ಸೇನಾನಿ ಜಿಯಾಪ್ ಅವರನ್ನು ಫಲ್ಲಾಚಿ 1969ರಲ್ಲಿ ಸಂದರ್ಶಿಸಿದ್ದನ್ನು ಓದಿ ಮೆಚ್ಚಿದ್ದ ಅವರು ಭೇಟಿಗೆ ಒಪ್ಪಿದರು. ವಿಯೆಟ್ನಾಂ ಬಗ್ಗೆ ಏನು ಕೇಳಿದರೂ ಜಾರಿಕೊಳ್ಳುತ್ತಿದ್ದ ಈ ಚತುರ ಸಿಕ್ಕಿಬಿದ್ದದ್ದು ಒಂದು ಮೃದುವಾದ ಪ್ರಶ್ನೆಗೆ. ಅಧ್ಯಕ್ಷರಿಗಿಂತ ನೀವೇ ಹೆಸರುವಾಸಿ, ಚಿತ್ರತಾರೆಯಂತಾಗಿದ್ದೀರಿ, ಇದರ ಗುಟ್ಟೇನು ಎಂದು ಆಕೆ ಕೇಳಿದರು. ಕಿಸಿಂಜರ್ ಅರಳಿದರು. ತಾನು ಯಾವಾಗಲೂ ಏಕಾಂಗಿಯಾಗಿ ಕೆಲಸ ಮಾಡುವವನು, ಗಾಡಿಗಳ ಸಾಲಿನ ಮುಂದೆ ಒಬ್ಬನೇ ಕುದುರೆ ಏರಿ ಹೋಗುವ ಕೌಬಾಯ್ ಅಮೆರಿಕನ್ನರಿಗೆ ಇಷ್ಟ ಎಂದರು. ಜರ್ಮನಿಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಪಾಠ ಹೇಳಿದ ಕನ್ನಡಕದ ಪ್ರಾಧ್ಯಾಪಕರು ತಮ್ಮನ್ನು ಕೌಬಾಯ್‌ಗೆ ಹೋಲಿಸಿಕೊಂಡದ್ದನ್ನು ಓದಿ ಅಮೆರಿಕ ನಕ್ಕಿತು. ಗಾಡಿಯ ಸಾಲಿನಲ್ಲಿ ತನ್ನ ಜಾಗ ಎಲ್ಲಿ ಎಂದು ಹುಡುಕಿದ ನಿಕ್ಸನ್ ನಗಲಿಲ್ಲ, ಉರಿದುಬಿದ್ದರು. ಮಾತನ್ನು ತಿರುಚಲಾಗಿದೆ ಎಂದರು ಕಿಸಿಂಜರ್. ಟೇಪ್ ಇದೆ ಎಂದರು ಫಲ್ಲಾಚಿ. ಪತ್ರಕರ್ತರೊಂದಿಗೆ ತಾನು ನಡೆಸಿದ ಮಾತುಕತೆಗಳಲ್ಲೆಲ್ಲ ಅನಾಹುತಕಾರಿಯಾದದ್ದು ಇದೇ ಎಂದು ಅವರು ಮುಂದೆ ಆತ್ಮಕಥನದಲ್ಲಿ ಒಪ್ಪಿಕೊಂಡರು.

ಸವಾಲಿನ ಪ್ರಶ್ನೆ ಎಂದರೆ ಗಂಟಲು ಹರಿಯುವಂತೆ ಕೂಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಇವತ್ತು ಟಿ.ವಿ.ಗಳಲ್ಲಿ ರಾತ್ರಿ ಒಂಬತ್ತಕ್ಕೆ ಕೇಳುವ ಅಬ್ಬರದಲ್ಲಿ ಉತ್ತರ ಸಿಕ್ಕಿದ್ದನ್ನು ನಾನಂತೂ ಕಾಣೆ.

ಆದರೆ ಫಲ್ಲಾಚಿ ಯಾವಾಗಲೂ ಮೃದುವಾಗಿದ್ದರೆಂದಲ್ಲ. 1979ರ ಸೆಪ್ಟೆಂಬರ್‌ನಲ್ಲಿ ಇರಾನಿನ ಕೋಮ್ ನಗರದಲ್ಲಿ ಅಯತೊಲ್ಲಾ ಖೊಮೇನಿ ಅವರ ಮುಂದೆ ಕುಳಿತದ್ದು ಮೈಮುಚ್ಚುವ ಚಾದರ್ ಹೊದ್ದುಕೊಂಡೇ. ಕ್ರಾಂತಿ ನಡೆದು ಏಳೆಂಟು ತಿಂಗಳು. ಗುಂಡಿಟ್ಟು ಕೊಲ್ಲುವ ಶಿಕ್ಷೆಗಳು ದಿನವೂ ನಡೆಯುತ್ತಿದ್ದವು. ಆ ಕೊಲೆಗಳ ಬಗ್ಗೆ, ಮುಚ್ಚಿಸಿದ ಪತ್ರಿಕೆಗಳ ಬಗ್ಗೆ ಕೇಳುತ್ತಾ ಬಂದ ಆಕೆ ಕೊನೆಗೆ ಚಾದರ್‌ಗೇ ಬಂದರು. ಇದನ್ನು ಹೊದ್ದುಕೊಂಡು ಈಜುವುದು ಹೇಗೆ ಎಂದರು. ನಿಮಗಿಷ್ಟವಿಲ್ಲದಿದ್ದರೆ ಧರಿಸಬೇಡಿ, ಅದು ಸಭ್ಯ ಯುವತಿಯರಿಗೆ ಎಂದು ಖೊಮೇನಿ ಉತ್ತರಿಸಿದರು. ಬಹಳ ಉಪಕಾರವಾಯಿತು ಎಂದು ಆಕೆ ಅಲ್ಲೇ ಅದನ್ನು ಕಿತ್ತೆಸೆದರು. ಖೊಮೇನಿ ಎದ್ದು ಹೋದರು. ಆಕೆ ಏಳಲಿಲ್ಲ. ಮಾತು ಮುಗಿದಿಲ್ಲ ಎಂದು ಗಂಟೆಗಟ್ಟಲೆ ಅಲ್ಲೇ ಕುಳಿತರು. ಮತ್ತೆ ಭೇಟಿಯ ಭರವಸೆ ಪಡೆದ ಮೇಲೆಯೇ ಹೊರಟದ್ದು. ಮರುಭೇಟಿಯಲ್ಲಿ ಮೊದಲ ಪ್ರಶ್ನೆ ಮತ್ತೆ ಚಾದರ್ ಬಗ್ಗೆಯೇ! ಆಗ ಖೊಮೇನಿ ನಕ್ಕುಬಿಟ್ಟರು ಎಂದು ಆಕೆ ಹೇಳಿಕೊಂಡಿದ್ದಾರೆ.

ಇದರಲ್ಲಿ ನಾಟಕದ ಅಂಶ ಇಲ್ಲವೇ? ಇದೆ. ಸಂದರ್ಶನದಲ್ಲಿ ಉತ್ತರಿಸುವವರಿಗಿಂತ ಕೇಳುವವರೇ ಮುನ್ನೆಲೆಗೆ ಬಂದರು ಎಂಬ ಟೀಕೆ ಆಕೆಯ ಮೇಲೆ ಮೊದಲಿನಿಂದಲೂ ಇತ್ತು. ಟೇಪಿನ ಮಾತನ್ನು ಬರಹಕ್ಕಿಳಿಸುವಾಗ ತಿದ್ದಿತೀಡಿ ಹೊಂದಿಸುತ್ತಿದ್ದರು ಎಂಬ ಆಕ್ಷೇಪವೂ ಇತ್ತು. ಕೊನೆಗಾಲದ ಬರಹವನ್ನು ನಾನು ಒಪ್ಪಲಾರೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಆಕೆ ಬರೆದ ಪುಸ್ತಕಗಳಲ್ಲಿ ಇಡೀ ಮುಸ್ಲಿಂ ಸಮುದಾಯದ ಮೇಲೆ ಕಡುಕೋಪ ಕಾರಿದರು. ಕೋರ್ಟು ಮೆಟ್ಟಿಲನ್ನೂ ಏರಬೇಕಾಯಿತು. ಅಧಿಕಾರಸ್ಥರ ಮೇಲೆ ತಿರುಗಿದ್ದ ಪ್ರಶ್ನೆ ಬಂದರಿಗೆ ಬಂದಿಳಿದ ಬಡ ವಲಸಿಗನ ಮೇಲೆ ತಿರುಗಿತು. ಅಲ್ಲಿ ಪ್ರಶ್ನೆಯೂ ಉಳಿದಿರಲಿಲ್ಲ, ಬರೀ ತೀರ್ಪು ಇತ್ತು. 2006ರಲ್ಲಿ ಆಕೆ ತೀರಿಕೊಂಡರು.

ನನಗೆ ಇಷ್ಟವಾದ ಫಲ್ಲಾಚಿ 1980ರ ಆಗಸ್ಟ್‌ನಲ್ಲಿ ಬೀಜಿಂಗ್‌ನಲ್ಲಿ ಡೆಂಗ್ ಷಿಯಾವೊಪಿಂಗ್ ಮುಂದೆ ಕುಳಿತವರು. ಮಾವೊ ತೀರಿ ನಾಲ್ಕು ವರ್ಷ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸ್ವತಃ ಡೆಂಗ್ ಪದಚ್ಯುತರಾಗಿದ್ದವರು. ಮಾವೊ ಬಗ್ಗೆ ಚೀನಾ ಏನು ಹೇಳುತ್ತದೆಂದು ಜಗತ್ತೇ ಕಾದಿತ್ತು. ಆಕೆ ಸಿದ್ಧಾಂತದ ಗೊಡವೆಗೆ ಹೋಗಲಿಲ್ಲ. ತಿಯಾನನ್‌ಮೆನ್ ಮೇಲಿನ ಮಾವೊ ಚಿತ್ರ ಅಲ್ಲೇ ಇರುತ್ತದೆಯೇ ಎಂದು ಕೇಳಿದರು. ಎಂದೆಂದಿಗೂ ಇರುತ್ತದೆ ಎಂದರು ಡೆಂಗ್. ಆ ಒಂದು ಎಳೆ ಹಿಡಿದು ಮಾತು ಮುಂದುವರಿದಂತೆ, ಮಾವೊ ತಪ್ಪು ಮಾಡಿದ್ದರು, ಆದರೆ ಅವರ ಕೊಡುಗೆಯೇ ಮೊದಲು, ತಪ್ಪು ಆಮೇಲೆ ಎಂಬ ಮಾತು ಹೊರಬಂತು. ಗೋಡೆಯ ಮೇಲಿನ ಒಂದು ಚಿತ್ರದಿಂದ ಒಂದು ದೇಶದ ಲೆಕ್ಕಾಚಾರವೇ ತೆರೆದುಕೊಂಡಿತು. ಆ ಚಿತ್ರ ಇವತ್ತಿಗೂ ಅಲ್ಲೇ ಇದೆ.

ನಮ್ಮ ಕೆಲಸ ಆಕೆಯದಕ್ಕಿಂತ ಸಣ್ಣದು, ನಿಜ. ನಮಗೆ ಆರು ಗಂಟೆ ಯಾರೂ ಕೊಡುವುದಿಲ್ಲ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಿ ಎನ್ನುತ್ತಾರೆ. ಕಷ್ಟದ ಪ್ರಶ್ನೆ ಕೇಳಿದವರಿಗೆ ಮುಂದಿನ ಬಾರಿ ಆಹ್ವಾನ ಬರುವುದಿಲ್ಲ. ಈಗಂತೂ ನಾಯಕರು ತಾವೇ ಮಾತನಾಡಿ ತಾವೇ ವಿಡಿಯೊ ಹಾಕಿಕೊಳ್ಳುತ್ತಾರೆ, ಎದುರು ಕೂರುವವರೇ ಬೇಕಿಲ್ಲ. ಆದರೆ ಮೆಣಸಿನ ಬೆಲೆ ನಿರ್ಧಾರವಾಗುವುದು ಯಾವುದೋ ದೂರದ ಮೇಜಿನ ಮುಂದೆ. ಆ ಮೇಜಿಗೆ ಹೋಗಿ ಬಂದವರು ನಮ್ಮ ಪ್ರವಾಸಿ ಮಂದಿರದಲ್ಲಿ ಹದಿನೈದು ನಿಮಿಷ ಸಿಗುತ್ತಾರೆ. ಫೋನ್ ಮಾಡಿದ ಬೆಳೆಗಾರರಿಗೆ ಆ ಹದಿನೈದು ನಿಮಿಷ ಬಿಟ್ಟರೆ ಬೇರೆ ದಾರಿಯಿಲ್ಲ.

ಅದೇ ಗಣ್ಯರು ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ಹಳೆಯ ನೋಟ್‌ಬುಕ್ ತೆಗೆದಿಟ್ಟುಕೊಂಡಿದ್ದೇನೆ. ಮೂರು ಪ್ರಶ್ನೆಗಳೂ ಹಾಗೇ ಇವೆ. ಈ ಸಲ ಕಾಫಿಯನ್ನು ಮನೆಯಲ್ಲೇ ಕುಡಿದು ಹೋಗುತ್ತೇನೆ.