ಹೊಸ ಮೆಮೊರಿ ಬರುತ್ತಿದೆ, ಕಾಯಬೇಕೆ?

ಮಕ್ಕಳ ಓದಿಗೆಂದು ಕಂಪ್ಯೂಟರ್ ಕೊಳ್ಳಲು ಮುಂಬೈಯ ಲ್ಯಾಮಿಂಗ್ಟನ್ ರೋಡಿಗೋ ದೆಹಲಿಯ ನೆಹರೂ ಪ್ಲೇಸಿಗೋ ಹೊರಟವರನ್ನು ಒಂದು ಪ್ರಶ್ನೆ ಕಾಡುತ್ತದೆ. ಡಿಡಿಆರ್6 ಎಂಬ ಇನ್ನೂ ವೇಗದ ಮೆಮೊರಿ ತಯಾರಾಗುತ್ತಿದೆಯಂತೆ. ಈಗಲೇ ಕೊಂಡರೆ ಹಣ ದಂಡವೆ? ಕಾಯುವುದು ಲೇಸೆ?

ಪ್ರೊಸೆಸರನ್ನು ಉಡುಪಿ ಹೋಟೆಲಿನ ಅಡುಗೆ ಭಟ್ಟರು ಎಂದುಕೊಳ್ಳಿ. ಹಾರ್ಡ್ ಡಿಸ್ಕ್ ಹಿಂದಿನ ಉಗ್ರಾಣ. ಅಂದಿನ ಅಡುಗೆಗೆ ಬೇಕಾದದ್ದನ್ನು ಉಗ್ರಾಣದಿಂದ ತಂದು ಹರವಿಟ್ಟ ಕಟ್ಟೆಯೇ ಮೆಮೊರಿ. ಭಟ್ಟರು ಕೇಳಿದ್ದನ್ನು ಕಟ್ಟೆಯಿಂದ ತಂದುಕೊಡಲು ಒಬ್ಬ ಹುಡುಗನಿದ್ದಾನೆ.

2003ರ ಸುಮಾರಿನ ಡಿಡಿಆರ್-400 ಮೆಮೊರಿ ಸೆಕೆಂಡಿಗೆ 3.2 ಗಿಗಾಬೈಟ್ ಸಾಗಿಸುತ್ತಿತ್ತು. 2021ರಲ್ಲಿ ಅಂಗಡಿಗೆ ಬಂದ ಡಿಡಿಆರ್5-4800 ಸಾಗಿಸುವುದು 38.4 ಗಿಗಾಬೈಟ್. ಹನ್ನೆರಡು ಪಟ್ಟು! ಆದರೆ ಕೇಳಿದ್ದು ಬರಲು ಆರಂಭಿಸುವ ತನಕ ಕಾಯುವ ಹೊತ್ತು? ಆಗ 15 ನ್ಯಾನೋಸೆಕೆಂಡು, ಇದರಲ್ಲಿ ಸುಮಾರು 17. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಂದರೆ ಹುಡುಗನ ಓಟ ಚುರುಕಾಗಲಿಲ್ಲ. ಅವನು ಹೊರುವ ಬುಟ್ಟಿ ದೊಡ್ಡದಾಯಿತು. ವಿಡಿಯೋ ಎಡಿಟಿಂಗ್, ದೊಡ್ಡ ಆಟಗಳಿಗೆ ಇದರಿಂದ ಲಾಭವುಂಟು. ಪತ್ರ ಟೈಪು ಮಾಡುವುದಕ್ಕೆ, ರೈಲು ಟಿಕೆಟ್ ಕಾಯ್ದಿರಿಸುವುದಕ್ಕೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಹಾಗಾದರೆ ಮನೆಯ ಕಂಪ್ಯೂಟರ್ ತೆವಳುವುದೇಕೆ? ಹೆಚ್ಚಿನ ಕಡೆ ಕಟ್ಟೆಯೇ ಚಿಕ್ಕದು. 4 ಗಿಗಾಬೈಟ್ ತುಂಬಿದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ಅಂಥ ಯಂತ್ರಕ್ಕೆ ಅದೇ ಜಾತಿಯ ಮೆಮೊರಿ ಸೇರಿಸಿ, ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಮತ್ತೆ ಹಲವು ವರ್ಷ ದುಡಿದೀತು.

ಇನ್ನೊಂದು ಮಾತು. ಡಿಡಿಆರ್5 ಪಟ್ಟಿ ಡಿಡಿಆರ್4ರ ಬೋರ್ಡಿನಲ್ಲಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಹೊಸ ತಲೆಮಾರಿನ ಮೆಮೊರಿ ಬೇಕೆಂದರೆ ಬೋರ್ಡು, ಎಷ್ಟೋ ಸಲ ಪ್ರೊಸೆಸರ್ ಕೂಡ ಹೊಸದಾಗಬೇಕು. ಡಿಡಿಆರ್5ರ ಮಾನದಂಡವನ್ನು ಜೆಡೆಕ್ ಸಂಸ್ಥೆ ಪ್ರಕಟಿಸಿದ್ದು 2020ರ ಜುಲೈಯಲ್ಲಿ. ಅದನ್ನು ಬಳಸುವ ಡೆಸ್ಕ್‌ಟಾಪ್ ಪ್ರೊಸೆಸರ್ ಬಂದದ್ದು 2021ರ ನವೆಂಬರಿನಲ್ಲಿ. ಆರಂಭದಲ್ಲಿ ಮಾಲು ದುರ್ಲಭ, ಬೆಲೆ ದುಬಾರಿ. ಹೊಸದು ಬಂದಾಗ ಹಳೆಯದು ಅಗ್ಗವಾಗುತ್ತದೆಂಬ ಭರವಸೆಯೂ ಇಲ್ಲ. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಮೆಮೊರಿಗೆ ಮುಗಿಬಿದ್ದುದರಿಂದ ಹಳೆಯ ಡಿಡಿಆರ್4ರ ಬೆಲೆಯೂ ಏರಿತು.

ಆದ್ದರಿಂದ, ಅಗತ್ಯವಿದ್ದವರು ಕಾಯಬೇಕಾಗಿಲ್ಲ. ಅಂಗಡಿಗೆ ಹೋಗುವ ಮುನ್ನ ನಿಮ್ಮ ಯಂತ್ರದಲ್ಲಿರುವುದು ಯಾವ ಡಿಡಿಆರ್, ಖಾಲಿ ಸ್ಲಾಟ್ ಇದೆಯೇ ಎಂದು ನೋಡಿಕೊಳ್ಳಿ. ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಅನೇಕ ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಕೊಳ್ಳುವಾಗಲೇ ಕಟ್ಟೆ ದೊಡ್ಡದಿರಲಿ. ಬುಟ್ಟಿಯ ಚಿಂತೆ ಆಮೇಲೆ.