ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ

ಶುಂಠಿ ಸೋಡಾ, ಕೊಂಬುಚಾ ಇವನ್ನೆಲ್ಲ ಮನೆಯಲ್ಲೇ ಮಾಡುವ ಆಸೆಯುಳ್ಳವರಿಗಾಗಿ ಇವತ್ತಿನ ಮಾತು. ಬಿಯರ್ ಮಾತ್ರ ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸೋಡಾಕ್ಕೆ ಆ ತಕರಾರಿಲ್ಲ. ಆದರೆ ಅದರ ನೊರೆಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ರೆಗ್ಯುಲೇಟರಿಗೆ ಜೋಡಿಸುವಾಗ ಅವಸರ ಸಲ್ಲದು.

ಈ ಸಿಲಿಂಡರಿನೊಳಗೆ ಇರುವುದು ಬರೀ ಅನಿಲವಲ್ಲ. ತಳದಲ್ಲಿ ದ್ರವ, ಅದರ ಮೇಲೆ ಅನಿಲ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಸ್ಕೂಟರ್ ಟೈರಿನಲ್ಲಿ ಇರುವುದು 2 ಬಾರ್ ಆಸುಪಾಸು. ಸೋಡಾಕ್ಕೆ ಬೇಕಾದದ್ದೂ ಎರಡು ಮೂರು ಬಾರ್ ಅಷ್ಟೇ. ಅಷ್ಟನ್ನು ಇಷ್ಟಕ್ಕೆ ಇಳಿಸುವುದೇ ರೆಗ್ಯುಲೇಟರಿನ ಕೆಲಸ. 31 ಡಿಗ್ರಿ ದಾಟಿದರೆ ದ್ರವ, ಅನಿಲಗಳ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಆಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಸರಸರನೆ ಏರುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಬೆಂಗಳೂರು ಆ 31 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಯಶವಂತಪುರದಲ್ಲಿ ಸಿಲಿಂಡರ್ ತುಂಬಿಸಿಕೊಂಡು ಯಲಹಂಕಕ್ಕೆ ಹೊರಟವರು ಹೆಬ್ಬಾಳದ ಫ್ಲೈಓವರ್ ಮೇಲೆ ಕಾರಿನ ಗಾಜು ಏರಿಸಿಕೊಂಡು ಸಿಕ್ಕಿಬಿದ್ದರೆ ಅಪಾಯ ಎರಡು ಬಗೆಯದು: ಬಿಸಿಲಿನ ಕಾವು, ಜೊತೆಗೆ ಸೋರಿಕೆ. ಕಿಟಕಿ ತೆರೆದಿಡಿ, ಸಿಲಿಂಡರ್ ಉರುಳದಂತೆ ಬಿಗಿಯಾಗಿ ಕಟ್ಟಿ.

ಇನ್ನು ಜೋಡಣೆ. ಮೊದಲು ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಹಾಕಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ವಾಲ್ವಿನ ಬಾಯಿಯಲ್ಲಿ ಕೂತ ದೂಳು ಹೋಗಲು ಬಯಲಿನಲ್ಲಿ, ಮುಖ ಪಕ್ಕಕ್ಕೆ ಸರಿಸಿ, ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ. ಈಗ ವಾಷರ್ ನೋಡಿ. ನಾಣ್ಯದಷ್ಟು ಅಗಲದ ಈ ಚಪ್ಪಟೆ ಬಿಲ್ಲೆಯೇ ಅನಿಲವನ್ನು ತಡೆಯುವುದು, ಥ್ರೆಡ್ಡುಗಳಲ್ಲ. ಅಂಚು ಸವೆದಿದ್ದರೆ, ಮೇಲೆ ಗೀರಿದ್ದರೆ ಹೊಸದು ಹಾಕಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವ ನಲ್ಲಿ ರಿಪೇರಿಯ ಅಭ್ಯಾಸ ಇಲ್ಲಿ ಉಪಯೋಗಕ್ಕಿಲ್ಲ; ಟೇಪಿನ ಚೂರು ಒಳಗೆ ಸೇರಿ ರೆಗ್ಯುಲೇಟರ್ ಕೆಡುವುದೂ ಉಂಟು. ಅಮೆರಿಕದಿಂದ ತರಿಸಿದ ರೆಗ್ಯುಲೇಟರ್ ಇಲ್ಲಿನ ವಾಲ್ವಿಗೆ ಕೂರದೇ ಹೋಗಬಹುದು. ಬಲವಂತ ಮಾಡಬೇಡಿ, ಇಲ್ಲಿನ ವಾಲ್ವಿಗೆ ಹೊಂದುವುದನ್ನೇ ಕೊಳ್ಳಿ.

ನಟ್ಟನ್ನು ಕೈಯಿಂದ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ವಾಲ್ವ್ ತೆರೆಯುವ ಮುನ್ನ ರೆಗ್ಯುಲೇಟರಿನ ನಾಬನ್ನು ಎಡಕ್ಕೆ ತಿರುಗಿಸಿ ಪೂರ್ತಿ ಸಡಿಲ ಮಾಡಲೇಬೇಕು. ಆಗ ಒಳಗಿನ ಸ್ಪ್ರಿಂಗ್ ಪೊರೆಯನ್ನು ಒತ್ತುವುದಿಲ್ಲ, ದಾರಿ ಮುಚ್ಚಿರುತ್ತದೆ. ಅದನ್ನು ಮರೆತರೆ ಒತ್ತಡ ಏಕಾಏಕಿ ಸೋಡಾ ಪಾತ್ರೆಗೆ ಬಡಿಯುತ್ತದೆ. ಪಕ್ಕಕ್ಕೆ ನಿಂತು ವಾಲ್ವನ್ನು ನಿಧಾನವಾಗಿ ತೆರೆಯಿರಿ. ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಇನ್ನೂ ಅನುಮಾನವಿದ್ದರೆ ವಾಲ್ವ್ ಮುಚ್ಚಿ ಕಾಲು ಗಂಟೆ ಬಿಡಿ. ಗೇಜಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ.

ಈ ಸೋರಿಕೆಯನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಡುಗೆ ಅನಿಲಕ್ಕೆ ಬೇಕೆಂದೇ ನಾತ ಬೆರೆಸಿರುತ್ತಾರೆ, ಸೋರಿದರೆ ಮೂಗು ಎಚ್ಚರಿಸುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ವಾಸನೆಯೇ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಶೇಕಡಾ 10ರಷ್ಟಾದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಕಿಟಕಿಯಿಲ್ಲದ ಸ್ಟೋರ್ ರೂಮು, ನೆಲಮಾಳಿಗೆ ಇದಕ್ಕೆ ತಕ್ಕ ಜಾಗವಲ್ಲ. ಮಕ್ಕಳು ಚಾಪೆ ಹಾಸಿ ಮಲಗುವ ಕೋಣೆಯಂತೂ ಖಂಡಿತ ಅಲ್ಲ.

ಕೊನೆಯದಾಗಿ, ಎಷ್ಟು ಉಳಿದಿದೆ ಎಂಬುದನ್ನು ಗೇಜ್ ಹೇಳುವುದಿಲ್ಲ. ದ್ರವ ಒಂದಿಷ್ಟು ಇರುವವರೆಗೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ದ್ರವ ಮುಗಿದ ಮೇಲೆ ಬೇಗ ಬೀಳುತ್ತದೆ. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ತೂಗಿ, ಅದರ ಮೇಲೆ ಅಚ್ಚಾಗಿರುವ ಖಾಲಿ ತೂಕವನ್ನು ಕಳೆಯಿರಿ. ಮತ್ತೆ ಜೋಡಿಸುವಾಗ ವಾಷರನ್ನು ಇನ್ನೊಮ್ಮೆ ನೋಡಿ.