ಎರಡು ಪಾಲಿಸಿಗಳ ನಡುವೆ ನಿಂತ ಕಾರು



ಮೋಟಾರು ವಿಮೆಯ ವಿಚಾರ ಸಂಕಿರಣ ಎಂದರೆ ಸಾವು-ನೋವಿನ ಪರಿಹಾರದ ಮಾತೇ ಮುಂದೆ ಬರುತ್ತದೆ. ಬರಬೇಕಾದದ್ದೇ. ಆದರೂ ಈ ಸಂಕಿರಣದ ಆಶಯವನ್ನು ಹೇಳಲು ನಾನು ಆರಿಸಿಕೊಂಡಿರುವುದು ಒಂದು ಸಣ್ಣ ಪ್ರಶ್ನೆ. ಅಪಘಾತವಾಗಿ ಕಾರು ಗ್ಯಾರೇಜ್ ಸೇರಿದೆ, ಕಂಪನಿ ಓಡಾಟಕ್ಕೆ ಬದಲಿ ಕಾರು ಕೊಟ್ಟಿದೆ, ಅಷ್ಟರಲ್ಲಿ ಪಾಲಿಸಿಯ ಅವಧಿ ಮುಗಿದು ಮಾಲೀಕ ಬೇರೆ ಕಂಪನಿಗೆ ಹೋಗಿದ್ದಾನೆ. ಆ ಬದಲಿ ಕಾರಿಗೆ ಈಗ ವಿಮೆ ಯಾರದು?

ಪ್ರಶ್ನೆ ಬ್ರಿಟನ್ನಿನದು. ಅಲ್ಲಿ ಇದನ್ನು ಕರ್ಟಸಿ ಕಾರ್ ಎನ್ನುತ್ತಾರೆ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದು, ಕಂಪನಿ ಒಪ್ಪಿದ ಗ್ಯಾರೇಜಿನಲ್ಲೇ ರಿಪೇರಿ ಮಾಡಿಸಿದರೆ, ಕೆಲಸ ಮುಗಿಯುವವರೆಗೆ ಸಾಮಾನ್ಯವಾಗಿ ಒಂದು ಚಿಕ್ಕ ಕಾರು ಸಿಗುತ್ತದೆ. ನಿಮ್ಮದು ಏಳು ಸೀಟಿನ ದೊಡ್ಡ ಗಾಡಿಯಾದರೂ ಸಿಗುವುದು ಚಿಕ್ಕದೇ. ಕಾರು ಕಳವಾದರೆ ಅಥವಾ ಟೋಟಲ್ ಲಾಸ್ ಆದರೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ಬೇರೆ ಸವಲತ್ತು ಕೊಂಡಿರದಿದ್ದರೆ, ಅದೂ ಇಲ್ಲ. ಇಷ್ಟನ್ನು ಅಲ್ಲಿನ ಗ್ರಾಹಕರು ಹೇಗೋ ತಿಳಿದುಕೊಂಡಿರುತ್ತಾರೆ. ತಿಳಿಯದೇ ಉಳಿಯುವುದು ಕೊನೆಯ ದಿನಾಂಕದ ವಿಷಯ.

ಹಾಸನದ ಕಡೆಯ ಹುಡುಗಿಯೊಬ್ಬಳು ಲಂಡನ್ನಿಗೆ ಹತ್ತಿರದ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಪಾಲಿಸಿ ಜೂನ್ 20ಕ್ಕೆ ಮುಗಿಯುತ್ತದೆ. ಬೆಲೆ ಹೋಲಿಸಿ ನೋಡಿ ಮೇ ಕೊನೆಯಲ್ಲೇ ಬೇರೆ ಕಂಪನಿಯಲ್ಲಿ ಹೊಸ ಪಾಲಿಸಿ ಕೊಂಡಿದ್ದಾಳೆ, ಜೂನ್ 21ರಿಂದ ಜಾರಿಗೆ ಬರುವಂತೆ. ಜೂನ್ 8ಕ್ಕೆ ಅಪಘಾತ. ಬಿಡಿಭಾಗ ಬರುವುದು ತಡವಾಗಿ ಕಾರು ಕೈಗೆ ಸಿಗುವುದು ಜುಲೈ ನಡುವಿಗೆ.

ಕ್ಲೇಮಿನ ಮಟ್ಟಿಗೆ ಗೊಂದಲವಿಲ್ಲ. ಅಪಘಾತವಾದ ದಿನ ಯಾವ ಪಾಲಿಸಿ ಜಾರಿಯಲ್ಲಿತ್ತೋ ಆ ಕಂಪನಿಯೇ ರಿಪೇರಿ ಮಾಡಿಸಿಕೊಡಬೇಕು, ಅದಕ್ಕೆ ಎಷ್ಟು ತಿಂಗಳು ಹಿಡಿದರೂ ಸರಿ. ಬದಲಿ ಕಾರನ್ನು ಓಡಿಸಲು ಬೇಕಾದ ವಿಮೆಯ ಮಾತು ಬೇರೆ. ಎಷ್ಟೋ ಸಲ ಅದು ಗ್ರಾಹಕಳ ಪಾಲಿಸಿಯ ಅಡಿಯಲ್ಲೇ ಇರುತ್ತದೆ: ಅವಳ ಕಾರಿನ ಜಾಗದಲ್ಲಿ ಈ ಕಾರನ್ನು ತಾತ್ಕಾಲಿಕವಾಗಿ ಸೇರಿಸಿಕೊಂಡಿರುತ್ತಾರೆ. ಪಾಲಿಸಿ ಮುಗಿದ ರಾತ್ರಿ ಆ ರಕ್ಷಣೆಯೂ ಮುಗಿಯಬಹುದು. ಕ್ಲೇಮ್ ಮಾಡುವ ಹಕ್ಕು ಉಳಿಯಿತು, ಗಾಡಿ ಓಡಿಸುವ ಹಕ್ಕು ಹೋಯಿತು.

ಹೊಸ ಕಂಪನಿಯನ್ನು ಕೇಳಿದರೆ, "ಅಪಘಾತ ನಮ್ಮ ಕಾಲದ್ದಲ್ಲ, ಆ ಕಾರಿನ ನಂಬರ್ ನಮ್ಮ ಸರ್ಟಿಫಿಕೇಟಿನಲ್ಲಿ ಇಲ್ಲ" ಎನ್ನಬಹುದು. ಕೆಲವು ಕಂಪನಿಗಳು ಅದನ್ನು ಕೆಲವು ದಿನಗಳ ಮಟ್ಟಿಗೆ ಸೇರಿಸಿಕೊಳ್ಳುತ್ತವೆ, ಅದಕ್ಕೊಂದು ಶುಲ್ಕ. ಕೆಲವು ಹಳೆಯ ಕಂಪನಿಗಳು ರಿಪೇರಿ ಮುಗಿಯುವವರೆಗೆ ತಾವೇ ಮುಂದುವರಿಸುತ್ತವೆ. ಕೆಲವು ಕಡೆ ಗ್ಯಾರೇಜಿನ ವ್ಯಾಪಾರದ ಪಾಲಿಸಿಯೇ ಹೊರುತ್ತದೆ. ಅಂದರೆ ಉತ್ತರ ಇರುವುದು ಆಯಾ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ. ನನ್ನ ಪಾಲಿಸಿಯಲ್ಲಿ ಬೇರೆಯವರ ಕಾರು ಓಡಿಸುವ ಸೌಲಭ್ಯವಿದೆಯಲ್ಲ ಎಂದು ಧೈರ್ಯವಾಗಿರುವವರೂ ಇದ್ದಾರೆ. ಆ ಸೌಲಭ್ಯ ಸಾಮಾನ್ಯವಾಗಿ ಥರ್ಡ್ ಪಾರ್ಟಿಗೆ ಸೀಮಿತ, ಮತ್ತು ಹಲವು ಪಾಲಿಸಿಗಳು ಬಾಡಿಗೆ ಕಾರು, ಗ್ಯಾರೇಜ್ ಕೊಟ್ಟ ಕಾರುಗಳನ್ನು ಅದರಿಂದ ಹೊರಗಿಟ್ಟಿರುತ್ತವೆ.

ಇದು ಬರೀ ತಾಂತ್ರಿಕ ಕಿರಿಕಿರಿ ಎಂದುಕೊಳ್ಳಬೇಡಿ. ಬ್ರಿಟನ್ನಿನ 1988ರ ರೋಡ್ ಟ್ರಾಫಿಕ್ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ವಿಮೆಯಿಲ್ಲದೆ ಓಡಿಸುವುದು ಅಪರಾಧ. ಸ್ಥಳದಲ್ಲೇ ಹಾಕುವ ದಂಡ 300 ಪೌಂಡ್, ಲೈಸೆನ್ಸಿನ ಮೇಲೆ 6 ಅಂಕ. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯಿಲ್ಲ. ಇಲ್ಲಿಂದ ಹೋದವರಿಗೆ ಇನ್ನೊಂದು ಕುತ್ತಿದೆ. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಬೇಕು. ಪಾಸಾದ 2 ವರ್ಷದೊಳಗೆ 6 ಅಂಕ ಬಿದ್ದರೆ ಲೈಸೆನ್ಸೇ ರದ್ದು. ನಮ್ಮ ರೆಡಿಂಗಿನ ಹುಡುಗಿ ತಪ್ಪು ಮಾಡುವ ಮನಸ್ಸಿಲ್ಲದೆಯೇ, ಬರೀ ಕ್ಯಾಲೆಂಡರಿನ ಒಂದು ಹಾಳೆ ಮಗುಚಿದ್ದಕ್ಕೆ, ಅದನ್ನು ಕಳೆದುಕೊಳ್ಳಬಹುದು.

ಹಾಗಾದರೆ ಹೊಸ ಪಾಲಿಸಿಯನ್ನು ಮುಂದೂಡಬಹುದಲ್ಲ? ಅದೂ ಸುಲಭವಲ್ಲ. ರಸ್ತೆಗೆ ಇಳಿಸುವುದಿಲ್ಲವೆಂದು ಸರ್ಕಾರಕ್ಕೆ ಬರೆದುಕೊಡದ ಹೊರತು ಕಾರಿಗೆ ಸದಾ ವಿಮೆ ಇರಬೇಕು ಎಂಬ ನಿಯಮ ಅಲ್ಲಿ 2011ರಿಂದ ಇದೆ. ಗ್ಯಾರೇಜಿನಲ್ಲಿ ಬಾಗಿಲು ಕಳಚಿ ನಿಂತ ಕಾರಿಗೂ ಇದು ಅನ್ವಯ.

ಹೊಸ ಕಂಪನಿಗೆ ಕೊಟ್ಟ ಉತ್ತರಗಳದೂ ಒಂದು ತೊಡಕು. ಮೇ ತಿಂಗಳಲ್ಲಿ ಅವಳು "ಅಪಘಾತವಾಗಿಲ್ಲ" ಎಂದು ಬರೆದಾಗ ಅದು ನಿಜ. ಜೂನ್ 21ಕ್ಕೆ ನಿಜವಲ್ಲ. ಬ್ರಿಟನ್ 2012ರಲ್ಲಿ ಗ್ರಾಹಕ ವಿಮೆಗೆಂದೇ ಒಂದು ಕಾಯ್ದೆ ತಂದು, ಕೇಳದಿದ್ದರೂ ಎಲ್ಲವನ್ನೂ ಹೇಳಬೇಕೆಂಬ ಹಳೆಯ ಹೊರೆಯನ್ನು ಇಳಿಸಿತು. ಕೇಳಿದ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಿದರೆ ಸಾಕು ಎಂದಿತು. ಒಳ್ಳೆಯ ಕಾಯ್ದೆ. ಆದರೆ ಪಾಲಿಸಿ ಶುರುವಾಗುವ ಮುಂಚೆ ಏನಾದರೂ ಬದಲಾದರೆ ತಿಳಿಸಿ ಎಂದು ಕಂಪನಿಗಳು ಕೇಳಿಯೇ ಇರುತ್ತವೆ. ತಿಳಿಸಿದರೆ ಪ್ರೀಮಿಯಂ ಏರಬಹುದು. ತಿಳಿಸದಿದ್ದರೆ ಮುಂದಿನ ಕ್ಲೇಮಿಗೆ ಕುತ್ತು. ಏರಿದರೂ ತಿಳಿಸುವುದೇ ಸರಿ.

ಇನ್ನು ತಪ್ಪು ಎದುರಿನವನದಾದರೆ? ಇಲ್ಲಿ ಕಾನೂನಿನ ವಿದ್ಯಾರ್ಥಿಗಳಿಗೆ ರುಚಿಸುವ ಕಥೆಯಿದೆ. ಗಾಡಿಯ ಬಳಕೆ ತಪ್ಪಿದ್ದಕ್ಕೆ ತಪ್ಪಿತಸ್ಥನಿಂದ ಪರಿಹಾರ ಕೇಳುವ ಹಕ್ಕು ನಷ್ಟ ಅನುಭವಿಸಿದವನದೇ. ಅವನು ಕಂಪನಿ ಬದಲಿಸಿದರೂ ಅದು ಅಳಿಯದು. ಈ ಹಕ್ಕಿನ ಗಡಿ ಎಲ್ಲಿ ಎಂಬ ವಾದ ಶುರುವಾದದ್ದು ಕಾರಿನಿಂದಲ್ಲ, ಹಡಗಿನಿಂದ. ಲೀಸ್‌ಬಾಶ್ ಎಂಬ ಹೂಳೆತ್ತುವ ಹಡಗನ್ನು ಗ್ರೀಸಿನ ಪಾತ್ರಾಸ್ ಬಂದರಿನ ಬಳಿ ಎಡಿಸನ್ ಎಂಬ ಇನ್ನೊಂದು ಹಡಗು ಮುಳುಗಿಸಿತು. ಮಾಲೀಕರಿಗೆ ಹೊಸದು ಕೊಳ್ಳಲು ಹಣವಿರಲಿಲ್ಲ, ದುಬಾರಿ ಬಾಡಿಗೆಗೆ ಬೇರೆ ಹಡಗು ತಂದರು. 1933ರಲ್ಲಿ ಹೌಸ್ ಆಫ್ ಲಾರ್ಡ್ಸ್, ಬಡತನದಿಂದ ಬಂದ ಹೆಚ್ಚಿನ ನಷ್ಟ ಪರಿಹಾರಕ್ಕೆ ಸೇರದು ಎಂದಿತು. 70 ವರ್ಷ ಕಳೆದು 2003ರಲ್ಲಿ ಲಾಗ್ಡನ್ ಎಂಬವರ ಹಳೆಯ ಫೋರ್ಡ್ ಎಸ್ಕಾರ್ಟ್ ಅದೇ ಮನೆಯ ಮುಂದೆ ಬಂತು. ಆರೋಗ್ಯವೂ ಕೆಲಸವೂ ಇಲ್ಲದ ಮನುಷ್ಯ. ಮುಂಗಡ ಕೊಡಲಾಗದೆ ಸಾಲದ ಮೇಲೆ ಬಾಡಿಗೆ ಕಾರು ತೆಗೆದುಕೊಂಡಿದ್ದರು. ಕೈಯಲ್ಲಿ ಕಾಸಿಲ್ಲದವನಿಗೆ ಬೇರೆ ದಾರಿಯೇನಿತ್ತು ಎಂದು ಬಹುಮತದ ನ್ಯಾಯಮೂರ್ತಿಗಳು ಒಪ್ಪಿದರು; ಲೀಸ್‌ಬಾಶ್ ನಿಯಮ ಅಲ್ಲಿಗೆ ಮುಗಿಯಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿ ಎಂದು ನನ್ನ ಶಿಫಾರಸು.

ಫಲಿತಾಂಶ ಮಾತ್ರ ವಿಚಿತ್ರವಾಗಿದೆ. ತಪ್ಪು ತನ್ನದಲ್ಲದವನಿಗೆ ಬಾಡಿಗೆ ಕಾರು ಸಾಮಾನ್ಯವಾಗಿ ಆ ಕಾರಿನದೇ ವಿಮೆಯೊಂದಿಗೆ ಬರುತ್ತದೆ, ಕಂಪನಿ ಬದಲಿಸಿದರೂ ತೊಂದರೆಯಿಲ್ಲ. ತಪ್ಪು ತನ್ನದಾದವನು, ಅಥವಾ ತಪ್ಪು ಯಾರದೆಂಬ ಜಗಳ ತೀರದವನು, ಪ್ರೀಮಿಯಂ ಕಟ್ಟಿಯೂ ನಡುನೀರಿನಲ್ಲಿ.

ನಮ್ಮಲ್ಲಿ ಏನಿದೆ? ಭಾರತದ ಕಂಪನಿಗಳು ಬದಲಿ ಕಾರಿಗಿಂತ ಹೆಚ್ಚಾಗಿ ಕೊಡುವುದು ದಿನಭತ್ಯೆಯ ಆಡ್-ಆನ್: ರಿಪೇರಿಯ ದಿನಗಳಿಗೆ ಇಂತಿಷ್ಟು ರೂಪಾಯಿ, ಇಂತಿಷ್ಟು ದಿನದವರೆಗೆ. ಆಟೋ, ಟ್ಯಾಕ್ಸಿ ನಿಮ್ಮ ಇಷ್ಟ. ಮೊತ್ತ ಚಿಕ್ಕದೆಂಬ ದೂರು ನ್ಯಾಯವಾದದ್ದೇ. ಆದರೆ ಇಂದಿನ ಪ್ರಶ್ನೆಯ ಮಟ್ಟಿಗೆ ನಮ್ಮ ಪದ್ಧತಿ ಬ್ರಿಟನ್ನಿನದಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ. ಹಣಕ್ಕೆ ನಂಬರ್ ಪ್ಲೇಟ್ ಇಲ್ಲ, ಅದಕ್ಕೆ ಬೇರೆ ವಿಮೆ ಬೇಡ.

ನಮ್ಮ ಬಿರುಕು ಬೇರೆ ಕಡೆ ಇದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು, ಮರುವರ್ಷ ಸ್ವಂತ ಹಾನಿಯ ಪಾಲಿಸಿಯನ್ನು ಬಿಡಿಯಾಗಿ ಕೊಳ್ಳಲು ಅವಕಾಶವಾಯಿತು. ಹೀಗಾಗಿ ಒಂದೇ ಕಾರಿಗೆ ಎರಡು ಕಂಪನಿಗಳಿರಬಹುದು, ಯಾರಿಗೆ ಏನು ಹೇಳಬೇಕೆಂದು ಮಾಲೀಕನಿಗೇ ಗೊತ್ತಿರುವುದಿಲ್ಲ. ನೋ ಕ್ಲೇಮ್ ಬೋನಸ್ಸಿನದು ರೆಡಿಂಗಿನ ತೊಡಕಿನ ತಮ್ಮ. ಕ್ಲೇಮಿಲ್ಲದ ವರ್ಷಗಳಿಗೆ 20ರಿಂದ 50 ಪ್ರತಿಶತದವರೆಗೆ ಏರುವ ಈ ರಿಯಾಯಿತಿ ಮಾಲೀಕನ ಜೊತೆ ಹೊಸ ಕಂಪನಿಗೂ ಹೋಗುತ್ತದೆ. ಮುಂಚಿತವಾಗಿ ಹೊಸ ಪಾಲಿಸಿ ಕೊಂಡು, ಹಳೆಯದರ ಕೊನೆಯ ವಾರದಲ್ಲಿ ಅಪಘಾತವಾಗಿ ಕ್ಲೇಮ್ ಮಾಡಿದರೆ, ಆ ರಿಯಾಯಿತಿಗೆ ಅವನು ಅರ್ಹನಲ್ಲ. ಹೇಳದೆ ಉಳಿಸಿಕೊಂಡರೆ ಮುಂದಿನ ಕ್ಲೇಮಿನಲ್ಲಿ ಅದೇ ಜಗಳ.

ಇಲ್ಲಿ ಕುಳಿತಿರುವ ಕಂಪನಿಗಳ ಮಿತ್ರರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮಲ್ಲೂ ಬದಲಿ ಕಾರು ಕೊಡುವ ಪಾಲಿಸಿ ರೂಪಿಸುವುದಾದರೆ ಮೊದಲ ದಿನವೇ ಒಂದು ವಾಕ್ಯ ಸೇರಿಸಿ: ಈ ಪಾಲಿಸಿಯ ಕ್ಲೇಮಿಗಾಗಿ ಕೊಟ್ಟ ಬದಲಿ ಕಾರಿನ ವಿಮೆ, ಪಾಲಿಸಿಯ ಅವಧಿ ಮುಗಿದರೂ, ರಿಪೇರಿಯಾದ ಕಾರು ಗ್ರಾಹಕನ ಕೈ ಸೇರುವವರೆಗೆ ನಡೆಯುತ್ತದೆ. ಇದರ ವೆಚ್ಚವನ್ನು ಲೆಕ್ಕ ಹಾಕಿ ಪ್ರೀಮಿಯಂನಲ್ಲೇ ಸೇರಿಸಿ, ಬೇಡವೆನ್ನುವುದಿಲ್ಲ. ರಿಪೇರಿ ತಡವಾಗುವುದು ಬಹುಪಾಲು ಗ್ಯಾರೇಜಿನಿಂದ, ಬಿಡಿಭಾಗದಿಂದ. ಅದರ ಬೆಲೆಯನ್ನು ಗ್ರಾಹಕನ ಲೈಸೆನ್ಸಿನಿಂದ ವಸೂಲು ಮಾಡುವುದು ಅನ್ಯಾಯ.

ವಿದ್ಯಾರ್ಥಿಗಳೇ, ಮಧ್ಯಾಹ್ನದ ಗೋಷ್ಠಿಗೆ ಮನೆಯಲ್ಲಿರುವ ಯಾವುದಾದರೂ ಒಂದು ವಾಹನದ ಪಾಲಿಸಿಯ ಪೂರ್ಣ ಪ್ರತಿಯನ್ನು ಫೋನಿಗೆ ತರಿಸಿಕೊಂಡು ಬನ್ನಿ. ಮೊದಲ ಪುಟವಲ್ಲ, ಷರತ್ತುಗಳ ಪುಟಗಳು ಬೇಕು. ಸರ್ವೇಯರ್ ಮಿತ್ರರು ಪಕ್ಕದಲ್ಲೇ ಇರುತ್ತಾರೆ, ಅವರೊಡನೆ ಕೂತು ಓದೋಣ.